ಕಾಗುಣಿತ ತಪ್ಪಿದ ಹಾಡುಗಳು: ಸ್ಲೇಡ್ ವಾದ್ಯವೃಂದದ ಏಳಿಗೆಯನ್ನು ಕುರಿತು

ಇಂಗ್ಲೆಂಡಿನ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ 1971ರಿಂದ ಮೂರು ನಾಲ್ಕು ವರ್ಷಗಳ ಅವಧಿಯನ್ನು 'ಗ್ಲಾಮ್ ರಾಕ್' ಯುಗವೆಂದು ಕರೆಯುವುದು ವಾಡಿಕೆಯಾಗಿದೆ. ಗಂಡಸರು ಮುಖಕ್ಕೆ ಬಣ್ಣ ಹಚ್ಚಿ, ಕೆನ್ನೆಗೆ ಮಿನುಗುಪುಡಿ ಸವರಿ, ಗೇಣೆತ್ತರದ ಅಟ್ಟೆಯ ಬೂಟು ತೊಟ್ಟು ರಂಗಕ್ಕೆ ಬಂದ ಕಾಲವದು. ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ 1971ರಲ್ಲಿ ಕಣ್ಣಿನ ಕೆಳಗೆ ಮಿನುಗು ಹಚ್ಚಿಕೊಂಡು ದೂರದರ್ಶನದಲ್ಲಿ ಕಾಣಿಸಿಕೊಂಡದ್ದನ್ನು ಈ ಯುಗದ ಮಂಗಳಾಚರಣೆಯೆಂದು ಹೇಳುವುದುಂಟು. ಈ ಪಂಥವನ್ನು ಕುರಿತು ಬರೆದ ವಿಮರ್ಶಕರ ಲಕ್ಷ್ಯವೆಲ್ಲ ಪ್ರಾಯಶಃ ಡೇವಿಡ್ ಬೋವಿಯ ಮೇಲೂ ರಾಕ್ಸಿ ಮ್ಯೂಸಿಕ್ ತಂಡದ ಮೇಲೂ ನೆಟ್ಟಿದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಬೋವಿ 1972ರಲ್ಲಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ಪಾತ್ರವನ್ನು ಕಟ್ಟಿ ಅದರ ವೇಷದಲ್ಲಿಯೇ ಹಾಡಿದನು. ರಾಕ್ಸಿ ಮ್ಯೂಸಿಕ್ ತಂಡದ ಬ್ರಯನ್ ಫೆರಿ ಚಿತ್ರಕಲೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವನು. ಬರೆಯುವವನಿಗೆ ಹಿಡಿಯಲು ಅಲ್ಲಿ ತತ್ತ್ವದ ಎಳೆಗಳು ಹೇರಳವಾಗಿ ದೊರೆಯುತ್ತವೆ. ಆದರೆ ಅದೇ ಕಾಲದಲ್ಲಿ ಬ್ರಿಟನ್ನಿನ ಸಾಮಾನ್ಯ ಜನ ಅತ್ಯಧಿಕ ಸಂಖ್ಯೆಯಲ್ಲಿ ಕೊಂಡ ಧ್ವನಿಮುದ್ರಿಕೆಗಳಲ್ಲಿ ಬಹುಪಾಲು ಸ್ಲೇಡ್ ಎಂಬ ನಾಲ್ವರ ತಂಡದವು. ಮಾರಾಟದ ಪಟ್ಟಿಯಲ್ಲಿ ಆರು ಸಲ ಮೊದಲ ಸ್ಥಾನ. 1973ರ ಒಂದೇ ವರ್ಷದಲ್ಲಿ ಮೂರು ಹಾಡುಗಳು ಪ್ರಕಟವಾದ ವಾರದಲ್ಲಿಯೇ ನೇರವಾಗಿ ಪಟ್ಟಿಯ ತಲೆಯ ಮೇಲೆ. ಇಷ್ಟಾದರೂ ವಿಮರ್ಶೆಯ ಪುಟಗಳಲ್ಲಿ ಈ ತಂಡಕ್ಕೆ ದೊರೆತದ್ದು ಬಹುಮಟ್ಟಿಗೆ ಒಂದು ನಗೆಯ ಉಲ್ಲೇಖ ಮಾತ್ರ: ಗದ್ದಲದ ಗುಂಪು, ವಿಚಿತ್ರ ಉಡುಪು, ತಪ್ಪು ಕಾಗುಣಿತ.

ಈ ಮೂರು ಆಕ್ಷೇಪಗಳೂ ನಿಜವೇ. ಪ್ರಶ್ನೆಯೆಂದರೆ, ಇವು ದೋಷಗಳೋ ಅಥವಾ ಆ ತಂಡದ ರಚನೆಯ ಮೂಲದ್ರವ್ಯವೋ ಎಂಬುದು. ಭಾರತೀಯ ಆಲಂಕಾರಿಕರು ಕಾವ್ಯದೋಷಗಳನ್ನು ಎಣಿಸುವಾಗ 'ಗ್ರಾಮ್ಯ'ವನ್ನೂ ಸೇರಿಸಿದರು. ಆದರೆ ವಕ್ತೃವಿನ ಔಚಿತ್ಯಕ್ಕೆ ತಕ್ಕಂತೆ ಬಂದಾಗ ದೋಷವೇ ಗುಣವಾಗಬಲ್ಲದೆಂಬುದನ್ನೂ ಅವರು ಮರೆಯಲಿಲ್ಲ. ಸ್ಲೇಡ್ ತಂಡದ ಏಳಿಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಸೂಕ್ತ.

ಮೊದಲು ವಕ್ತೃಗಳು ಯಾರೆಂಬುದನ್ನು ನೋಡಬೇಕು. ಇಂಗ್ಲೆಂಡಿನ ನಡುಸೀಮೆಯಲ್ಲಿ ವುಲ್ವರ್‌ಹ್ಯಾಂಪ್ಟನ್, ವಾಲ್ಸಾಲ್, ಬಿಲ್ಸ್‌ಟನ್ ಮೊದಲಾದ ಊರುಗಳಿವೆ. ಕಲ್ಲಿದ್ದಲು ಮತ್ತು ಕಬ್ಬಿಣದ ಕೆಲಸದ ಹೊಗೆಯಿಂದಾಗಿ ಅಲ್ಲಿನ ಪ್ರದೇಶಕ್ಕೆ 'ಬ್ಲಾಕ್ ಕಂಟ್ರಿ', ಎಂದರೆ ಕಪ್ಪು ನಾಡು, ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಈ ಸೀಮೆಯ ಆಡುಮಾತು ಲಂಡನಿನ ಜನಕ್ಕೆ ಹಾಸ್ಯದ ವಸ್ತು. ಹಾಡುಗಾರನಾದ ನಾಡಿ ಹೋಲ್ಡರ್ ವಾಲ್ಸಾಲಿನಲ್ಲಿ 1946ರಲ್ಲಿ ಹುಟ್ಟಿದನು. ಅವನ ತಂದೆ ಮನೆಗಳ ಕಿಟಕಿಯ ಗಾಜು ತೊಳೆದು ಜೀವಿಸುತ್ತಿದ್ದವನು. ಡೋಲು ಬಾರಿಸುವ ಡಾನ್ ಪೊವೆಲ್ ಬಿಲ್ಸ್‌ಟನ್ನಿನವನು, ಲೋಹದ ಎರಕದ ಕಾರ್ಖಾನೆಯಲ್ಲಿ ದುಡಿದವನು. ಗಿಟಾರಿನ ಡೇವ್ ಹಿಲ್ ಡೆವನ್ ಸೀಮೆಯಲ್ಲಿ ಹುಟ್ಟಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಬೆಳೆದನು. ಇವರೆಲ್ಲರಿಗಿಂತ ಕಿರಿಯನಾದ ಜಿಮ್ ಲೀ ಬಾಲ್ಯದಲ್ಲಿ ಪಿಟೀಲು ಕಲಿತು ತರುಣರ ವಾದ್ಯಗೋಷ್ಠಿಯಲ್ಲಿ ನುಡಿಸಿದ್ದವನು. ತಂಡದ ರಾಗಗಳಲ್ಲಿ ಹೆಚ್ಚಿನವು ಇವನವು, ಮಾತುಗಳು ಹೋಲ್ಡರನವು.

1966ರಲ್ಲಿ ಈ ನಾಲ್ವರು ಒಂದುಗೂಡಿದರು. ಅಲ್ಲಿಂದ ಐದು ವರ್ಷ ಕೀರ್ತಿ ಅವರ ಹತ್ತಿರ ಸುಳಿಯಲಿಲ್ಲ. ಕುಡಿಯುವ ಮನೆಗಳಲ್ಲಿ, ಕಾರ್ಮಿಕರ ಕ್ಲಬ್ಬುಗಳಲ್ಲಿ, ಊರ ಸಭಾಂಗಣಗಳಲ್ಲಿ ಇತರರ ಹಾಡುಗಳನ್ನು ಹಾಡುತ್ತ ಅವರು ದಿನ ಕಳೆದರು. 1968ರಲ್ಲಿ ಬಹಾಮಾ ದ್ವೀಪಕ್ಕೆ ಹೋಗಿ, ಅಲ್ಲಿ ಹಣವಿಲ್ಲದೆ ಸಿಕ್ಕಿಕೊಂಡು, ಹೋಟೆಲಿನ ಬಾಕಿ ತೀರಿಸಲು ತಿಂಗಳುಗಟ್ಟಲೆ ನುಡಿಸಿದ ಪ್ರಸಂಗವೂ ಉಂಟು. ಈ ಐದು ವರ್ಷವನ್ನು ಜೀವನಚರಿತ್ರಕಾರರು ಕಷ್ಟಕಾಲವೆಂದು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ವಾಸ್ತವವಾಗಿ ಮುಂದಿನದೆಲ್ಲವೂ ಇಲ್ಲಿಯೇ ಸಿದ್ಧವಾಯಿತು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಾತನಾಡುತ್ತ ಕುಡಿಯುತ್ತ ಕುಳಿತ ಜನ ಹಾಡುಗಾರನ ಕಡೆ ತಿರುಗಬೇಕಾದರೆ ಅವನ ಗಂಟಲು ಆ ಗದ್ದಲವನ್ನು ಮೀರಬೇಕು. ಅಷ್ಟೇ ಸಾಲದು, ಆ ಗದ್ದಲವನ್ನು ತನ್ನ ಹಾಡಿನೊಳಕ್ಕೆ ಎಳೆದುಕೊಳ್ಳಲು ಅವನಿಗೆ ತಿಳಿದಿರಬೇಕು. ಹೋಲ್ಡರನ ಕಂಠ ಮಧುರವಾದದ್ದಲ್ಲ, ಕೂಗಿನಿಂದಲೇ ತಯಾರಾದದ್ದು. ಆದರೂ ಅದು ಶ್ರುತಿ ತಪ್ಪುವುದಿಲ್ಲವೆಂಬುದನ್ನು ಅವನ ಟೀಕಾಕಾರರೂ ಒಪ್ಪಬೇಕಾಗುತ್ತದೆ.

1969ರಲ್ಲಿ ಚಾಸ್ ಚಾಂಡ್ಲರ್ ಈ ತಂಡದ ವ್ಯವಸ್ಥಾಪಕನಾದನು. ಆನಿಮಲ್ಸ್ ತಂಡದಲ್ಲಿ ವಾದಕನಾಗಿದ್ದು, ಅನಂತರ ಜಿಮಿ ಹೆಂಡ್ರಿಕ್ಸನನ್ನು ಅಮೆರಿಕದಿಂದ ಇಂಗ್ಲೆಂಡಿಗೆ ಕರೆತಂದು ಲೋಕಪ್ರಸಿದ್ಧನನ್ನಾಗಿ ಮಾಡಿದವನು ಈತ. ಆದರೆ ಸ್ಲೇಡ್ ತಂಡಕ್ಕೆ ಅವನ ಕಡೆಯವರು ಮೊದಲು ತೊಡಿಸಿದ ವೇಷ ಭಾರತೀಯ ವಾಚಕನನ್ನು ಕ್ಷಣಕಾಲ ಬೆಚ್ಚಿಸತಕ್ಕದ್ದು. ತಲೆಗೂದಲನ್ನು ಬೋಳಾಗಿ ಕತ್ತರಿಸಿ, ದಪ್ಪ ಬೂಟು ಹಾಗೂ ಹೆಗಲಪಟ್ಟಿ ತೊಡಿಸಿ, ಆಗ ಪತ್ರಿಕೆಗಳಲ್ಲಿ ಕುಖ್ಯಾತರಾಗಿದ್ದ 'ಸ್ಕಿನ್‌ಹೆಡ್' ಪುಂಡರ ರೂಪದಲ್ಲಿ ಇವರನ್ನು ಪ್ರದರ್ಶಿಸಲಾಯಿತು. ಆ ಪುಂಡರಲ್ಲಿ ಕೆಲವರು ಬೀದಿಗಳಲ್ಲಿ ಭಾರತ, ಪಾಕಿಸ್ತಾನಗಳಿಂದ ಬಂದು ನೆಲೆಸಿದವರನ್ನು ಹೊಡೆಯುತ್ತಿದ್ದ ಕಾಲವದು. ವುಲ್ವರ್‌ಹ್ಯಾಂಪ್ಟನ್ನಿನ ಪಾರ್ಲಿಮೆಂಟ್ ಸದಸ್ಯರಲ್ಲೊಬ್ಬನಾದ ಇನಾಕ್ ಪೊವೆಲ್ 1968ರ ಏಪ್ರಿಲ್‌ನಲ್ಲಿ ವಲಸೆಗಾರರ ವಿರುದ್ಧ ತನ್ನ ಕುಪ್ರಸಿದ್ಧ ಭಾಷಣವನ್ನು ಮಾಡಿದ್ದನು. ಅದೇ ಊರಿನ ಸಿಖ್ ಬಸ್ ನೌಕರರು ಗಡ್ಡ ಮತ್ತು ಮುಂಡಾಸಿನೊಡನೆ ಕೆಲಸ ಮಾಡುವ ಹಕ್ಕಿಗಾಗಿ 1967ರಿಂದ ಹೋರಾಡಿ 1969ರಲ್ಲಿ ಗೆದ್ದರು. ಇಂತಹ ಊರಿನ ತಂಡಕ್ಕೆ ಇಂತಹ ವೇಷ! ನಾಲ್ವರಲ್ಲಿ ಯಾರಿಗೂ ಆ ದ್ವೇಷದೊಡನೆ ಸಂಬಂಧವಿರಲಿಲ್ಲ, ವೇಷ ಕೇವಲ ಪ್ರಚಾರಕ್ಕಾಗಿ ಎಂಬುದು ನಿಜವಿರಬಹುದು. ಆದರೆ ಪ್ರಚಾರಕ್ಕಾಗಿ ಯಾವುದನ್ನು ಬಳಸಬಹುದು ಎಂಬ ವಿವೇಚನೆ ಅಲ್ಲಿ ಇರಲಿಲ್ಲವೆಂಬುದೂ ಅಷ್ಟೇ ನಿಜ. ವೇಷ ಫಲಿಸಲಿಲ್ಲ. 1970ರಲ್ಲಿ ಹೊರಬಂದ ಅವರ ಮುದ್ರಿಕೆ ಮಾರಾಟವಾಗಲಿಲ್ಲ. ಕೂದಲು ಮತ್ತೆ ಬೆಳೆಯಿತು. ಆ ವೇಷದಿಂದ ಅವರಲ್ಲಿ ಉಳಿದುಕೊಂಡದ್ದು ಬೂಟಿನ ಸದ್ದೊಂದೇ.

ಆ ಬೂಟಿನ ಸದ್ದೇ ಮುಂದೆ ಅವರ ಸಂಗೀತದ ಲಯವಾಯಿತೆಂಬುದು ಗಮನಾರ್ಹ. 1971ರಲ್ಲಿ 'ಗೆಟ್ ಡೌನ್ ಅಂಡ್ ಗೆಟ್ ವಿತ್ ಇಟ್' ಎಂಬ ಹಳೆಯ ಹಾಡೊಂದನ್ನು ಅವರು ಮುದ್ರಿಸಿದರು. ಅದಕ್ಕೂ ಮೊದಲು ಲಿಟ್ಲ್ ರಿಚರ್ಡ್ ಅದನ್ನು ಹಾಡಿದ್ದನು. ಕೇಳುವವರು ಕೈತಟ್ಟಬೇಕು, ಕಾಲಪ್ಪಳಿಸಬೇಕು ಎಂಬ ಆಜ್ಞೆಯೇ ಆ ಹಾಡಿನ ಸಾರ. ಕ್ಲಬ್ಬುಗಳಲ್ಲಿ ಪ್ರತಿ ರಾತ್ರಿ ಜನರನ್ನು ಎಬ್ಬಿಸುತ್ತಿದ್ದ ಈ ಹಾಡು ಪಟ್ಟಿಯಲ್ಲಿ 16ನೆಯ ಸ್ಥಾನಕ್ಕೇರಿತು. ಅನಂತರ ಸ್ವಂತ ಹಾಡೊಂದನ್ನು ಬರೆಯಿರೆಂದು ಚಾಂಡ್ಲರ್ ಒತ್ತಾಯಿಸಲು, ಲೀ ಮತ್ತು ಹೋಲ್ಡರ್ ಅತ್ಯಲ್ಪ ಕಾಲದಲ್ಲಿ ಒಂದು ಪ್ರೇಮಗೀತೆಯನ್ನು ರಚಿಸಿದರು. ಅದರಲ್ಲಿ ಲೀಯ ಪಿಟೀಲಿದೆ, ಜೊತೆಗೆ ಕಾಲಪ್ಪಳಿಕೆ ಮತ್ತು ಚಪ್ಪಾಳೆ. 'ಏಕೆಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬರ್ಥದ ಅದರ ಶೀರ್ಷಿಕೆ ಸಪ್ಪೆಯೆಂದು ತೋರಿ, ಅದನ್ನೇ ತಪ್ಪು ಕಾಗುಣಿತದಲ್ಲಿ ಬರೆದರು. ಅದೇ 'ಕಾಸ್ ಐ ಲವ್ ಯೂ'. 1971ರ ನವೆಂಬರಿನಲ್ಲಿ ಅದು ಮೊದಲ ಸ್ಥಾನಕ್ಕೇರಿ ನಾಲ್ಕು ವಾರ ನಿಂತಿತು.

ಇಲ್ಲಿ ಕನ್ನಡ ವಾಚಕನಿಗೆ ಒಂದು ತೊಡಕಿದೆ. ಮೇಲಿನ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ತಪ್ಪು ಮಾಯವಾಗುತ್ತದೆ. ನುಡಿದಂತೆ ಬರೆಯುವುದು ನಮ್ಮ ಲಿಪಿಯ ಸ್ವಭಾವ. ಇಂಗ್ಲಿಷಿನಲ್ಲಿ ಬರೆಹ ಒಂದು ದಾರಿ ಹಿಡಿದರೆ ಉಚ್ಚಾರಣೆ ಇನ್ನೊಂದು ದಾರಿ. ಮಗುವಿಗೆ ಕಾಗುಣಿತ ಕಲಿಸುವುದು ಅಲ್ಲಿ ವರ್ಷಗಳ ದಂಡನೆ, ಅದರಲ್ಲಿ ಸೋತವನು ಜೀವನಪರ್ಯಂತ ಅಶಿಕ್ಷಿತನೆಂಬ ಹಣೆಪಟ್ಟಿ ಹೊತ್ತಿರಬೇಕು. ಸ್ಲೇಡ್ ತಂಡದವರು 'ಲವ್' ಎಂಬುದನ್ನು ಎಲ್, ಯು, ವಿ ಎಂಬ ಮೂರೇ ಅಕ್ಷರಗಳಲ್ಲಿ ಬರೆದರು. 'ಬಿಕಾಸ್' ಎಂಬುದನ್ನು ಸಿ, ಓ, ಝಡ್ ಎಂದು ಮೊಟಕುಗೊಳಿಸಿದರು. ಮುಂದಿನ ಎರಡು ವರ್ಷ ಇದೇ ಅವರ ಮುದ್ರೆಯಾಯಿತು. ಶಾಲೆಯ ಉಪಾಧ್ಯಾಯರು ಮಕ್ಕಳ ಭಾಷೆ ಕೆಡುತ್ತದೆಂದು ಆಕ್ಷೇಪಿಸಿದರು. ಆ ಆಕ್ಷೇಪಣೆ ತಂಡಕ್ಕೆ ದೊರೆತ ಅತ್ಯುತ್ತಮ ಪ್ರಚಾರವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಇದನ್ನು ಬ್ಲಾಕ್ ಕಂಟ್ರಿಯ ಉಪಭಾಷೆಯ ಬರೆಹವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಸೂಕ್ಷ್ಮವಾಗಿ ಪರಿಶೀಲಿಸಿದರೆ ಈ ವಿವರಣೆ ಅರ್ಧಸತ್ಯವೆಂದು ತಿಳಿಯುತ್ತದೆ. 1972ರ 'ಟೇಕ್ ಮಿ ಬ್ಯಾಕ್ ಓಮ್' ಎಂಬ ಶೀರ್ಷಿಕೆಯಲ್ಲಿ 'ಹೋಮ್' ಪದದ ಆದಿಯ ಹಕಾರ ಬಿದ್ದುಹೋಗಿದೆ. ಇದು ಆ ಜನರ ನಾಲಗೆಯ ನಿಜವಾದ ರೂಪ. ಹಳೆಯ ಮೈಸೂರಿನ ಹಳ್ಳಿಗನ ಬಾಯಲ್ಲಿ 'ಹಾಲು' 'ಆಲು' ಆಗುವುದನ್ನೂ ಅದಕ್ಕೆ ಪಟ್ಟಣಿಗರು ನಗುವುದನ್ನೂ ಬಲ್ಲ ಕನ್ನಡಿಗನಿಗೆ ಈ ಒಂದು ಅಕ್ಷರಲೋಪದ ಹಿಂದಿರುವ ಸಾಮಾಜಿಕ ಭಾರವನ್ನು ವಿವರಿಸಬೇಕಾಗಿಲ್ಲ. 'ಲವ್' ಪದದ ಸ್ವರವೂ ಆ ಸೀಮೆಯಲ್ಲಿ ಉಕಾರದ ಕಡೆ ಬಾಗುತ್ತದೆ. ಆದರೆ ಉಳಿದವುಗಳ ಮಾತೇನು? 'ಬ್ಯಾಕ್' ಪದದಿಂದ ಒಂದು ವ್ಯಂಜನವನ್ನು ಕಿತ್ತುಹಾಕಿದರೂ, 'ನಾಯ್ಸ್' ಪದದಲ್ಲಿ ಎಸ್ ಅಕ್ಷರದ ಬದಲಿಗೆ ಝಡ್ ಬರೆದರೂ, 'ಸ್ಕ್ವೀಜ್' ಪದದಲ್ಲಿ ಕ್ಯೂ ತೆಗೆದು ಕೆ ಇಟ್ಟರೂ ಉಚ್ಚಾರಣೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು. ಲಂಡನಿನ ಪ್ರಾಧ್ಯಾಪಕನೂ ಅವನ್ನು ಹಾಗೆಯೇ ಉಚ್ಚರಿಸುತ್ತಾನೆ. ಇವು ಕಿವಿಗೆ ಕೇಳದೆ ಕಣ್ಣಿಗೆ ಮಾತ್ರ ಕಾಣುವ ತಪ್ಪುಗಳು. ಎಂದ ಮೇಲೆ ಇಲ್ಲಿ ವ್ಯಕ್ತವಾಗುವುದು ಒಂದು ಸೀಮೆಯ ನುಡಿಯಲ್ಲ, ತರಗತಿಯ ಹಿಂದಿನ ಬೆಂಚಿನ ನುಡಿ. ಉಪಾಧ್ಯಾಯನ ಕೆಂಪು ಶಾಯಿಯ ಗೆರೆ ಬೀಳುತ್ತಿದ್ದ ಬರೆವಣಿಗೆಯೇ ಅಂಗಡಿಯ ಕಿಟಕಿಯಲ್ಲಿ, ಪತ್ರಿಕೆಯ ಪಟ್ಟಿಯ ಶಿರೋಭಾಗದಲ್ಲಿ, ತಿದ್ದುವವರಿಲ್ಲದೆ ಅಚ್ಚಾಗಿ ನಿಂತಿತು. ಹದಿನೈದು ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಕಾರ್ಖಾನೆ ಸೇರಿದ ಲಕ್ಷಾಂತರ ಹುಡುಗ ಹುಡುಗಿಯರಿಗೆ ಅದರ ಅರ್ಥ ಹಾಡು ಕೇಳುವ ಮೊದಲೇ ತಿಳಿದಿತ್ತು.

ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಕೃತಿಯಲ್ಲಿ ಕುಡುಕ ರತ್ನನ ನಾಲಗೆಯಿಂದಲೂ ಹಕಾರ ಉದುರುತ್ತದೆ. ಆದರೆ ಅಲ್ಲಿ ವಿದ್ವಾಂಸನಾದ ಕವಿಯೊಬ್ಬನು ಅನುಕಂಪದಿಂದ ಇನ್ನೊಬ್ಬನ ಬಾಯಿಯನ್ನು ಎರವಲು ಪಡೆದಿದ್ದಾನೆ. ಹೋಲ್ಡರನಿಗೆ ಎರವಲು ಬೇಕಿರಲಿಲ್ಲ. ಕಾವ್ಯವಾಗಿ ನೋಡಿದರೆ ರತ್ನನ ಪದಗಳ ಸಮೀಪಕ್ಕೂ ಸ್ಲೇಡ್ ತಂಡದ ಸಾಹಿತ್ಯ ಬರಲಾರದೆಂಬುದನ್ನು ಕೂಡಲೇ ಸೇರಿಸಬೇಕು. ಅವರ ಸಾಲುಗಳನ್ನು ರಾಗದಿಂದ ಬಿಡಿಸಿ ಓದುವವನಿಗೆ ನಿರಾಶೆ ತಪ್ಪದು.

ಹಾಗಾದರೆ ಅವರ ಕಲೆ ಎಲ್ಲಿದೆ? 1971ರ ಅಕ್ಟೋಬರಿನಲ್ಲಿ ಲಂಡನಿನ ಒಂದು ಚಿಕ್ಕ ರಂಗಮಂದಿರದಂತಹ ಸ್ಟುಡಿಯೋದಲ್ಲಿ ತಮ್ಮ ಅಭಿಮಾನಿಗಳನ್ನು ಕೂಡಿಸಿಕೊಂಡು ಅವರು ಮುದ್ರಿಸಿದ 'ಸ್ಲೇಡ್ ಅಲೈವ್' ಎಂಬ ಸಂಪುಟ ಇದಕ್ಕೆ ಉತ್ತರ ಕೊಡುತ್ತದೆ. 1972ರಲ್ಲಿ ಪ್ರಕಟವಾಗಿ ಅದು ಎರಡನೆಯ ಸ್ಥಾನಕ್ಕೇರಿತು. ಅದರಲ್ಲಿ ಜಾನ್ ಸೆಬಾಸ್ಟಿಯನ್ ರಚಿಸಿದ 'ಡಾರ್ಲಿಂಗ್ ಬಿ ಹೋಮ್ ಸೂನ್' ಎಂಬ ಕೋಮಲವಾದ ವಿರಹಗೀತೆಯಿದೆ. ಹೋಲ್ಡರ್ ಅದನ್ನು ಆಶ್ಚರ್ಯವಾಗುವಷ್ಟು ಮೃದುವಾಗಿ ಹಾಡುತ್ತಾನೆ, ಸಭೆ ನಿಶ್ಶಬ್ದವಾಗುತ್ತದೆ, ಆ ನಿಶ್ಶಬ್ದದ ನಡುವೆ ಅವನು ಗಟ್ಟಿಯಾಗಿ ತೇಗುತ್ತಾನೆ. ಜನ ನಗುತ್ತಾರೆ. ಮುದ್ರಿಕೆಯಿಂದ ಆ ತೇಗನ್ನು ತೆಗೆಯದೆ ಬಿಟ್ಟರು. ಮುಂದೆ ಎಲ್ಲಿ ಈ ಹಾಡು ಹಾಡಿದರೂ ಜನ ಅದೇ ಜಾಗದಲ್ಲಿ ಆ ತೇಗಿಗಾಗಿ ಕಾದಿರುತ್ತಿದ್ದರು. ರಸಾಭಾಸಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಕ್ಕುವುದು ಕಷ್ಟ. ಆದರೆ ಆ ಕ್ಷಣದಲ್ಲಿ ನಡೆದದ್ದೇನೆಂದು ಪರಿಭಾವಿಸಬೇಕು. ವಿರಹದ ಕೋಮಲತೆಯಿಂದ ಒಂದು ನಿಮಿಷ ತಮ್ಮನ್ನು ಮರೆತ ಒರಟು ಹುಡುಗರಿಗೆ, ಮೃದುವಾದದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲವೆಂಬ ಅಭಯವನ್ನು ಗಾಯಕ ತನ್ನದೇ ಮಾರ್ಗದಲ್ಲಿ ಕೊಟ್ಟನು. ಶೃಂಗಾರ ಕೆಟ್ಟಿತು, ಸಖ್ಯ ಉಳಿಯಿತು. ಈ ವಿನಿಮಯ ಬೋವಿಯ ರಂಗದ ಮೇಲೆ ಅಸಾಧ್ಯ; ಅಲ್ಲಿ ನಟನು ದೂರದ ನಕ್ಷತ್ರ, ನೋಡುವವರು ನೋಡುವವರೇ.

ಕಾವ್ಯವನ್ನು ಪೂರ್ಣಗೊಳಿಸುವವನು ಸಹೃದಯನೆಂದು ನಮ್ಮವರು ಹೇಳುತ್ತಾರೆ. ಸ್ಲೇಡ್ ತಂಡದ ಹಾಡುಗಳಲ್ಲಿ ಈ ಮಾತು ಅಕ್ಷರಶಃ ಸತ್ಯ. ಪಲ್ಲವಿಗಳು ಒಬ್ಬನ ಕಂಠಕ್ಕಾಗಿ ಕಟ್ಟಿದವಲ್ಲ. ಸಾವಿರ ಜನ ಫುಟ್‌ಬಾಲ್ ಆಟದ ಮೈದಾನದಲ್ಲಿ ಕೂಗುವಂತೆ ಕೂಗಿದಾಗ ಮಾತ್ರ ತುಂಬಿಬರುವಂತೆ ಅವುಗಳ ಸ್ವರವ್ಯಾಪ್ತಿಯನ್ನು ಕಿರಿದಾಗಿಯೂ ಲಯವನ್ನು ನೇರವಾಗಿಯೂ ಇಡಲಾಗಿದೆ. 'ಕಮ್ ಆನ್ ಫೀಲ್ ದ ನಾಯ್ಸ್' ಎಂಬ ಹಾಡಿನ ಶೀರ್ಷಿಕೆಯಲ್ಲಿ ಮೊದಲು ಗದ್ದಲವನ್ನು 'ಕೇಳಿ' ಎಂಬ ಕರೆಯಿತ್ತು. ಒಂದು ಕಚೇರಿಯಲ್ಲಿ ಜನರ ಅಬ್ಬರ ತನ್ನ ಎದೆಗೂಡಿಗೆ ಬಂದು ಬಡಿದದ್ದು ನೆನಪಾಗಿ ಹೋಲ್ಡರ್ ಅದನ್ನು 'ಅನುಭವಿಸಿ' ಎಂದು ಬದಲಾಯಿಸಿದನು. ಒಂದೇ ಪದದ ಈ ತಿದ್ದುಪಡಿಯಲ್ಲಿ ತಂಡದ ಸಂಗೀತತತ್ತ್ವವೆಲ್ಲ ಅಡಗಿದೆಯೆನ್ನಬಹುದು. ಇಲ್ಲಿ ಗದ್ದಲವೆಂದರೆ ರಂಗದಿಂದ ಸಭೆಗೆ ಹೋಗುವ ಸದ್ದಲ್ಲ, ಸಭೆಯಿಂದ ರಂಗಕ್ಕೆ ಬರುವ ಸದ್ದು. 1973ರ ಮಾರ್ಚಿನಲ್ಲಿ ಆ ಹಾಡು ಮೊದಲ ವಾರದಲ್ಲಿಯೇ ಪ್ರಥಮ ಸ್ಥಾನ ಪಡೆಯಿತು. 1969ರಲ್ಲಿ ಬೀಟಲ್ಸ್ ತಂಡದ ಹಾಡೊಂದಕ್ಕೆ ದೊರೆತ ನಂತರ ಅಂತಹ ಗೌರವ ಬೇರಾವ ಹಾಡಿಗೂ ದೊರೆತಿರಲಿಲ್ಲ.

ಉಡುಪಿನ ವಿಚಾರವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಡೇವ್ ಹಿಲ್ಲನ ಬೆಳ್ಳಿಬಣ್ಣದ ನಿಲುವಂಗಿಗಳೂ ಹಣೆಯ ಮೇಲೆ ನೇರವಾಗಿ ಕತ್ತರಿಸಿದ ಕೂದಲೂ ದೂರದರ್ಶನಕ್ಕಾಗಿಯೇ ಹುಟ್ಟಿದವು. ವರ್ಣದ ದೂರದರ್ಶನ ಆಗಷ್ಟೇ ಮನೆಮನೆಗೆ ಬರುತ್ತಿತ್ತು, ಬಿ.ಬಿ.ಸಿ.ಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮ ಗುರುವಾರದ ವಿಧಿಯಂತೆ ನಡೆಯುತ್ತಿತ್ತು. ಬರೆಯುವ ಕೆಲಸ ನಿಮ್ಮದು, ಮಾರುವ ಕೆಲಸ ನನ್ನದು ಎಂಬರ್ಥದ ಮಾತನ್ನು ಹಿಲ್ ತನ್ನ ಜೊತೆಗಾರರಿಗೆ ಹೇಳುತ್ತಿದ್ದನೆಂದು ಪ್ರಸಿದ್ಧವಾಗಿದೆ. ಅವನ ಕಾರಿನ ಸಂಖ್ಯಾಫಲಕದಲ್ಲಿಯೂ ಗಿಟಾರಿನಲ್ಲಿಯೂ 'ಯಾಬ್' ಎಂಬ ಪದವಿತ್ತು; 'ಬಾಯ್' ಪದದ ಮೂರು ಅಕ್ಷರಗಳನ್ನು ಹಿಂದುಮುಂದಾಗಿಸಿ ಬರೆದರೆ ಆಗುವ ಈ ಪದಕ್ಕೆ ಪೋಕರಿ ಎಂದರ್ಥ. ಬೈಗುಳವನ್ನೇ ಬಿರುದಾಗಿ ಧರಿಸುವುದು ತಪ್ಪು ಕಾಗುಣಿತದ ಸೋದರಕೃತ್ಯವೇ ಆಗಿದೆ. ಹೋಲ್ಡರನ ಟೋಪಿಯಾದರೋ ಬೇರೆ ಬಗೆಯದು. ಹಳೆಯ ಕಾಲದ ಸಾರಥಿಗಳು ತೊಡುತ್ತಿದ್ದಂತಹ ಎತ್ತರದ ಟೋಪಿಗೆ ಸುತ್ತಲೂ ದುಂಡು ಕನ್ನಡಿಗಳನ್ನು ಅಂಟಿಸಲಾಗಿತ್ತು. ಸಭಾಂಗಣದ ದೀಪಗಳನ್ನೆಲ್ಲ ಆರಿಸಿ ಅವನ ತಲೆಯ ಮೇಲೆ ಒಂದೇ ಬೆಳಕನ್ನು ಬಿಟ್ಟಾಗ, ಆ ಕನ್ನಡಿಗಳಿಂದ ಸಿಡಿದ ಕಿರಣಗಳು ಕತ್ತಲಲ್ಲಿ ನಿಂತ ಜನರ ಮುಖಗಳ ಮೇಲೆ ಹರಿದಾಡುತ್ತಿದ್ದವು. ಗ್ಲಾಮ್ ಯುಗದ ಎಲ್ಲ ಮಿನುಗೂ ನಟನ ಮೈಮೇಲೆ ನಿಲ್ಲುತ್ತಿದ್ದಾಗ, ಜನರ ಮೇಲೆ ಬೆಳಕು ಚೆಲ್ಲಿದ ಆಭರಣ ಬಹುಶಃ ಇದೊಂದೇ.

1973ರ ಜುಲೈ 1ರಂದು ಲಂಡನಿನ ಅರ್ಲ್ಸ್ ಕೋರ್ಟ್ ಎಂಬ ಬೃಹತ್ ಸಭಾಂಗಣದಲ್ಲಿ ನಡೆದ ಕಚೇರಿಯನ್ನು ಈ ಏಳಿಗೆಯ ಶಿಖರವೆನ್ನುತ್ತಾರೆ. ಮೂರು ದಿನಗಳ ಅನಂತರ, ಜುಲೈ 4ರಂದು, ಡಾನ್ ಪೊವೆಲ್ ಕುಳಿತಿದ್ದ ಕಾರು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಅಪಘಾತಕ್ಕೀಡಾಯಿತು. ಅವನೊಡನಿದ್ದ ತರುಣಿ ಅಸುನೀಗಿದಳು. ಪೊವೆಲ್ ದಿನಗಟ್ಟಲೆ ಪ್ರಜ್ಞಾಹೀನನಾಗಿದ್ದು ಬದುಕಿ ಉಳಿದನು. ಆದರೆ ಅವನ ನೆನಪಿನ ಶಕ್ತಿ ಮೊದಲಿನಂತಾಗಲಿಲ್ಲ. ಅವನು ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, ನ್ಯೂಯಾರ್ಕಿನ ಬಿರುಬಿಸಿಲಿನ ದಿನಗಳಲ್ಲಿ, 'ಮೆರಿ ಕ್ರಿಸ್‌ಮಸ್ ಎವರಿಬಡಿ' ಎಂಬ ಹಾಡನ್ನು ಮುದ್ರಿಸಲಾಯಿತು. ಪಲ್ಲವಿಗೆ ಬೇಕಾದ ಅನುರಣನ ಸ್ಟುಡಿಯೋದೊಳಗೆ ದೊರೆಯದೆ, ಕಟ್ಟಡದ ಹಜಾರದಲ್ಲಿ ನಿಂತು ಹಾಡಿದರು. ಬೇಸಿಗೆಯಲ್ಲಿ ಕ್ರಿಸ್‌ಮಸ್ ಹಾಡು ಕೂಗುವ ಇಂಗ್ಲಿಷರನ್ನು ಕಂಡು ದಾರಿಹೋಕರು ಏನೆಂದುಕೊಂಡರೋ! ಡಿಸೆಂಬರಿನಲ್ಲಿ ಅದು ಹೊರಬಂದಾಗ ಬ್ರಿಟನ್ನಿನಲ್ಲಿ ತೈಲದ ಬೆಲೆ ಏರಿತ್ತು, ಗಣಿ ಕಾರ್ಮಿಕರ ವ್ಯಾಜ್ಯ ಬಿಗಡಾಯಿಸಿತ್ತು. 1974ರ ಜನವರಿ 1ರಿಂದ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ತೆಂದು ಸರ್ಕಾರ ಸಾರಿತು. ಕತ್ತಲ ಆ ಚಳಿಗಾಲದಲ್ಲಿ ಹಾಡು ಮೊದಲ ವಾರವೇ ಪಟ್ಟಿಯ ತುದಿಗೇರಿ ಹಬ್ಬ ಮುಗಿದ ಮೇಲೂ ಇಳಿಯಲಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು. ಅದರಲ್ಲಿ ದೇವದೂತರಿಲ್ಲ, ಗೋದಲಿಯಿಲ್ಲ. ಮನೆಗೆ ಬರುವ ನೆಂಟರು, ಅಜ್ಜಿ, ಮಕ್ಕಳು ಇದ್ದಾರೆ. ಹಬ್ಬವನ್ನು ದೇವಾಲಯದಿಂದ ಇಕ್ಕಟ್ಟಾದ ಮುಂದಿನ ಕೋಣೆಗೆ ತಂದದ್ದೇ ಅದರ ವೈಶಿಷ್ಟ್ಯ.

ಇದಾದ ಮೇಲೆ ತಂಡಕ್ಕೆ ಪ್ರಥಮ ಸ್ಥಾನ ಮತ್ತೆ ದೊರೆಯಲಿಲ್ಲ. 1974ರ ಹಾಡುಗಳು ಸಂಗೀತದೃಷ್ಟಿಯಿಂದ ಹೆಚ್ಚು ಪಕ್ವವಾಗಿವೆ; ಕಾಗುಣಿತವೂ ಸರಿಹೋಯಿತು! 1975ರಲ್ಲಿ ತೆರೆಕಂಡ 'ಫ್ಲೇಮ್' ಎಂಬ ಚಲನಚಿತ್ರದಲ್ಲಿ ನಾಲ್ವರೂ ಒಂದು ಕಲ್ಪಿತ ತಂಡದ ಪಾತ್ರ ವಹಿಸಿದರು. ರಿಚರ್ಡ್ ಲಾಂಕ್ರೇನ್ ನಿರ್ದೇಶಿಸಿದ ಆ ಚಿತ್ರ ನಗೆ ಕುಣಿತಗಳನ್ನು ನಿರೀಕ್ಷಿಸಿ ಬಂದ ಎಳೆಯರಿಗೆ ಸಂಗೀತದ ವ್ಯಾಪಾರದೊಳಗಿನ ಮೋಸ, ಬೆದರಿಕೆ, ಒಡಕುಗಳನ್ನು ಮಾತ್ರ ತೋರಿಸಿತು. ಇಂದು ಅದನ್ನು ಆ ವರ್ಗದ ಚಿತ್ರಗಳಲ್ಲಿ ಅತ್ಯುತ್ತಮವೆಂದು ಹೊಗಳುವವರಿದ್ದಾರೆ, ಆ ಹೊಗಳಿಕೆ ಅನುಚಿತವಲ್ಲ. ಆದರೆ ಜನರೊಡನೆ ಸಮಾನವಾಗಿ ನಿಂತು ಹಾಡುವುದೇ ತಂಡದ ಶಕ್ತಿಯಾಗಿರಲು, ತೆರೆಯ ಹಿಂದಿನ ಲೆಕ್ಕಾಚಾರವನ್ನು ಬಯಲು ಮಾಡಿದ್ದು ಆ ಸಖ್ಯಕ್ಕೆ ಬಿದ್ದ ಮೊದಲ ಪೆಟ್ಟಾಯಿತು. ಎರಡನೆಯದು ಅಮೆರಿಕ. 1975ರಲ್ಲಿ ಅಲ್ಲಿಗೆ ಹೋಗಿ ನೆಲೆಸಿ, ಊರೂರು ತಿರುಗಿ ಹಾಡಿದರೂ ಆ ದೇಶ ಅವರಿಗೆ ಒಲಿಯಲಿಲ್ಲ. ಹಾಡಿನ ಅರ್ಧವನ್ನು ಹಾಡಬೇಕಾದ ಜನರೇ ಅಲ್ಲಿ ಇರಲಿಲ್ಲ. ಆ ಜನರನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಬಂದಿದ್ದರು. ಮರಳಿ ಬರುವ ವೇಳೆಗೆ ತಾಯ್ನಾಡಿನ ತರುಣರು ಪಂಕ್ ಎಂಬ ಹೊಸ ಗದ್ದಲದ ಕಡೆ ತಿರುಗಿದ್ದರು. 1977ರ ತಮ್ಮ ಸಂಪುಟಕ್ಕೆ ಅವರೇ ಇಟ್ಟ ಹೆಸರು, ಸ್ಲೇಡ್ ತಂಡಕ್ಕೆ ಏನಾಯಿತು ಎಂಬರ್ಥದ್ದು.

1980ರಲ್ಲಿ ರೆಡಿಂಗ್ ಉತ್ಸವದಲ್ಲಿ ಅನಿರೀಕ್ಷಿತವಾಗಿ ದೊರೆತ ಅವಕಾಶದಿಂದ ತಂಡ ಮತ್ತೆ ಚಿಗುರಿತು. 1992ರಲ್ಲಿ ಹೋಲ್ಡರ್ ಹೊರನಡೆದನು. ಅಮೆರಿಕದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. 1983ರಲ್ಲಿ ಲಾಸ್ ಏಂಜಲೀಸಿನ ಕ್ವಯಟ್ ರಯಟ್ ಎಂಬ ತಂಡ 'ಕಮ್ ಆನ್ ಫೀಲ್ ದ ನಾಯ್ಸ್' ಹಾಡನ್ನು ಮತ್ತೆ ಮುದ್ರಿಸಲು, ಹತ್ತು ವರ್ಷಗಳ ಹಿಂದೆ ಅಲ್ಲಿ ಯಾರೂ ಲಕ್ಷಿಸದಿದ್ದ ಆ ಹಾಡು ಆ ದೇಶದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಹಾಡಿದವರ ಉಚ್ಚಾರಣೆ ಕ್ಯಾಲಿಫೋರ್ನಿಯದ್ದು. ಮುದ್ರಿಕೆಯ ಹೊದಿಕೆಯ ಮೇಲೆ ಕಾಗುಣಿತ ಮಾತ್ರ ವುಲ್ವರ್‌ಹ್ಯಾಂಪ್ಟನ್ನಿನದಾಗಿಯೇ ಉಳಿಯಿತು.